ಕೆಸರಿನ ಮೇಲಣ ಚಿಟ್ಟೆಗಳು
ವೈಶಾಖದ ಬಿಸಿಲಿಗೆ ಹಳ್ಳಗಳ ನೀರು ಬತ್ತಿ, ಮರಳಿನ ನಡುವೆ ಅಲ್ಲಲ್ಲಿ ಒದ್ದೆಯ ಪಟ್ಟಿಗಳು ಮಾತ್ರ ಉಳಿದಿರುವ ದಿನಗಳಲ್ಲಿ, ಮಲೆನಾಡಿನ ಕಾಲುದಾರಿಗಳಲ್ಲಿ ಸಂಚರಿಸುವವನಿಗೆ ದೊರಕುವ ನೋಟಗಳಲ್ಲೆಲ್ಲ ಕೆಸರಿನ ಮೇಲೆ ನೆರೆದ ಚಿಟ್ಟೆಗಳ ಸಂತೆಯೇ ಅತಿಶಯವಾದುದೆಂದು ನನ್ನ ಮತ. ಸುರುಳಿ ಬಿಚ್ಚಿದ ಹೀರುಕೊಳವೆಯನ್ನು ತೇವದ ಮಣ್ಣಿಗೆ ಊರಿ, ಹೀರಿದ ನೀರನ್ನು ಒಡಲಿನ ತುದಿಯಿಂದ ಹನಿಹನಿಯಾಗಿ ಹೊರಚೆಲ್ಲುತ್ತ ಅವು ಸಂಪಾದಿಸುವುದು ಮಕರಂದದಲ್ಲಿ ದುರ್ಲಭವಾದ ಲವಣಾಂಶವನ್ನು; ನೆರೆದವುಗಳಲ್ಲಿ ಬಹುಪಾಲು ಗಂಡುಗಳೇ ಆಗಿದ್ದು, ಆ ಲವಣವು ಮಿಲನಕಾಲದಲ್ಲಿ ಹೆಣ್ಣಿಗೂ, ಅವಳ ಮೂಲಕ ತತ್ತಿಗಳಿಗೂ ಸಲ್ಲುವುದೆಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಹೂವಿನಿಂದ ಹೂವಿಗೆ ಹಾರಿ ಛಾಯಾಗ್ರಾಹಕನನ್ನು ದಣಿಸುವ ಈ ಚಪಲಜೀವಿಗಳು ಇಲ್ಲಿ ಬಹಳ ಹೊತ್ತು ಕದಲದೆ ನಿಲ್ಲುವುವಾದರೂ, ಮೈಮೇಲೆ ನೆರಳು ಬಿದ್ದೊಡನೆ ಗುಂಪಿಗೆ ಗುಂಪೇ ಎದ್ದುಹೋಗುವುದರಿಂದ, ಪಕ್ಕದಿಂದ ಮೆಲ್ಲನೆ ತೆವಳಿ ಸಮೀಪಿಸಿ, ಮಡಿಚಿದ ರೆಕ್ಕೆಗೆ ಸಮಾನಾಂತರವಾಗಿ ಕ್ಯಾಮರಾವನ್ನು ನೆಲಮಟ್ಟದಲ್ಲಿ ಹಿಡಿದವನಿಗೆ ಮಾತ್ರ ರೆಕ್ಕೆಯ ಅಂಚಿನಿಂದ ಅಂಚಿಗೆ ಪ್ರತಿಯೊಂದು ಚುಕ್ಕೆಯೂ ಸ್ಫುಟವಾಗಿ ಲಭಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಲ್ಲಿ ಹಲವು ಚಿಟ್ಟೆಗಳ ಹೆಸರೂ ಸೇರಿರುವ ಈ ಕಾಲದಲ್ಲಿ, ಬಲೆ ಬೀಸಿ ಸೂಜಿ ಚುಚ್ಚುತ್ತಿದ್ದ ಹಳೆಯ ಹವ್ಯಾಸಕ್ಕಿಂತ, ಮೊಣಕಾಲಿಗೆ ಕೆಸರು ಮೆತ್ತಿಸಿಕೊಳ್ಳುವ ಈ ಹವ್ಯಾಸವೇ ಧರ್ಮಕ್ಕೂ ರಸಿಕತೆಗೂ ಒಪ್ಪುವಂಥದು.