ಕಿವಿ ಗುಂಯ್‌ಗುಡುವ ಮೊದಲೇ

ಸಾವಿರ ರೂಪಾಯಿಯೊಳಗೆ ಸಿಗುವ ವೈರ್‌ಲೆಸ್ ಇಯರ್‌ಬಡ್ ಈಗ ಕಾಲೇಜು ಹುಡುಗರ, ಡೆಲಿವರಿಯವರ, ಮೆಟ್ರೊ ಪ್ರಯಾಣಿಕರ ಕಿವಿಗಳಲ್ಲಿ ಓಲೆಯಷ್ಟೇ ಸಹಜವಾಗಿ ಕೂತಿದೆ. ಅಗ್ಗವಾಗಿದೆ ಎಂಬುದಕ್ಕೆ ನಮ್ಮ ತಕರಾರಿಲ್ಲ. ಆದರೆ ಡಬ್ಬಿಯ ಮೇಲಿನ ದೊಡ್ಡಕ್ಷರ ನೋಡಿ ಅದನ್ನು ಕೊಳ್ಳುತ್ತಿದ್ದೇವಲ್ಲ, ಅಲ್ಲಿದೆ ಅಪಾಯ.

‘ಇಎನ್‌ಸಿ’ ಎಂಬ ಮೂರಕ್ಷರವನ್ನೇ ತೆಗೆದುಕೊಳ್ಳಿ. ಗದ್ದಲ ತಡೆಯುತ್ತದಂತೆ ಎಂದು ನಂಬಿ ಕೊಂಡವರು ಬಹಳ. ಅದು ತಡೆಯುವುದು ಮೈಕಿಗೆ ನುಗ್ಗುವ ಗದ್ದಲವನ್ನು. ಲಾಭ ಫೋನಿನ ಆಚೆ ಬದಿಯವರಿಗೆ. ನಿಮ್ಮ ಕಿವಿಗೆ ಬೀಳುವ ಬಸ್ಸಿನ ಗುಡುಗುಡು ಎಳ್ಳಷ್ಟೂ ತಗ್ಗದು. ಅದನ್ನು ತಗ್ಗಿಸುವುದು ‘ಎಎನ್‌ಸಿ’. ಒಂದೇ ಅಕ್ಷರದ ವ್ಯತ್ಯಾಸ, ಅಷ್ಟರಲ್ಲೇ ವ್ಯಾಪಾರ ಮುಗಿದಿರುತ್ತದೆ. ‘50 ಗಂಟೆ ಬ್ಯಾಟರಿ’ ಎಂಬುದೂ ಇದೇ ಜಾತಿಯದು: ಕೇಸಿನಲ್ಲಿಟ್ಟು ಮತ್ತೆ ಮತ್ತೆ ಚಾರ್ಜ್ ಮಾಡಿದ್ದನ್ನೆಲ್ಲ ಕೂಡಿಸಿದ ಲೆಕ್ಕ. ಬ್ಯಾಟರಿಯ ಲೆಕ್ಕದಿಂದ ಹೋಗುವುದು ದುಡ್ಡು ಮಾತ್ರ, ಬಿಡಿ.

ಆದರೆ ಗದ್ದಲ ತಗ್ಗದಿದ್ದರೆ ನಾವೇನು ಮಾಡುತ್ತೇವೆ? ವಾಲ್ಯೂಮ್ ಏರಿಸುತ್ತೇವೆ. ಬಡ್ ಕಿವಿಯಲ್ಲಿ ಸಡಿಲವಾಗಿ ಕೂತಿದ್ದರಂತೂ ಬೇಸ್ ಸೋರಿ ಹೋಗಿ ಹಾಡು ಸಪ್ಪೆಯೆನಿಸುತ್ತದೆ; ಇನ್ನೆರಡು ಗೆರೆ ಏರಿಸುತ್ತೇವೆ. ಕೆಟ್ಟ ಸದ್ದು ಎಂದು ನಾವು ಬೈಯುವ ಎಷ್ಟೋ ಬಡ್‌ಗಳ ದೋಷ ಅಳತೆ ತಪ್ಪಿದ ರಬ್ಬರ್ ತುದಿಯದು. ಡಬ್ಬಿಯೊಳಗಿನ ಬೇರೆ ಬೇರೆ ಅಳತೆಯ ತುದಿಗಳನ್ನು ಹಾಕಿ ನೋಡದೆ ಎಸೆದವರೇ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ ಉಳಿಯುವುದು 4 ಗಂಟೆ. 100ಕ್ಕೆ ಬರೀ 20 ನಿಮಿಷ. ಅದೂ ದಿನಕ್ಕಲ್ಲ, ವಾರಕ್ಕೆ. ಮಕ್ಕಳಿಗೆ 40 ಗಂಟೆಯ ಮಿತಿ 75 ಡೆಸಿಬಲ್‌ಗೇ ಮುಗಿಯುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೋವೂ ಆಗದ ಕಾರಣ ಗೊತ್ತಾಗುವುದು ತಡ. ಬಡ್ ತೆಗೆದ ಮೇಲೂ ಕಿವಿಯೊಳಗೆ ಗುಂಯ್ ಎನ್ನುತ್ತಿದ್ದರೆ, ಎದುರಿಗಿದ್ದವರನ್ನು ಪದೇ ಪದೇ ‘ಏನಂದ್ರಿ?’ ಎಂದು ಕೇಳುವಂತಾದರೆ, ಕಿವಿಯ ವೈದ್ಯರ ಬಳಿ ಹೋಗಲು ಅಷ್ಟು ಸಾಕು.

ಕಿವಿಗೆ ಇಳಿದ ಸದ್ದಿನ ಲೆಕ್ಕವಿಟ್ಟು ಎಚ್ಚರಿಸುವ ಸಾಧನಗಳಿಗೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲೇ ಮಾನದಂಡ ಪ್ರಕಟಿಸಿವೆ. ಬ್ಯಾಟರಿ ಗಂಟೆಯನ್ನು ಹೆಬ್ಬೆರಳಿನಷ್ಟು ದಪ್ಪಕ್ಷರದಲ್ಲಿ ಅಚ್ಚುಹಾಕುವವರು ಅತಿಹೆಚ್ಚಿನ ಡೆಸಿಬಲ್ ಎಷ್ಟೆಂಬುದನ್ನೂ ಅದರ ಪಕ್ಕದಲ್ಲೇ ಹಾಕುವಂತೆ ಸರ್ಕಾರ ಕಡ್ಡಾಯ ಮಾಡಬೇಕು.

ಅಲ್ಲಿಯವರೆಗೆ ಪರೀಕ್ಷೆ ನಿಮ್ಮ ಕೈಯಲ್ಲಿದೆ. ವಾಪಸಾತಿಯ ಗಡುವು ಮುಗಿಯುವ ಮುನ್ನ ಹೊಸ ಬಡ್ ಹಾಕಿಕೊಂಡು ನಿಮ್ಮ ದಿನನಿತ್ಯದ ಬಸ್ಸಿನಲ್ಲೇ ಒಂದು ಸಲ ಕೂತು ಬನ್ನಿ. ತುದಿ ಬದಲಿಸಿ ನೋಡಿದರೂ ವಾಲ್ಯೂಮ್ ನೂರಕ್ಕೆ 60 ದಾಟದೆ ಮಾತು ಸ್ಪಷ್ಟವಾಗಿ ಕೇಳಿಸದಿದ್ದರೆ, ಅದನ್ನು ವಾಪಸ್ ಕೊಟ್ಟುಬಿಡಿ.