ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಎಲ್ಲ ಕಾಯಿಲೆಯೂ ವಾಸಿಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಒಂದೇ ಇಂಜೆಕ್ಷನ್‌ಗೆ ಸವೆದ ಮಂಡಿ ಸರಿಹೋಗುತ್ತದೆ, ಆಟಿಸಂ ಇರುವ ಮಗು ಮಾತಾಡುತ್ತದೆ, ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯ ರಕ್ತ ತೆಗೆದಿಟ್ಟರೆ ಜೀವನಪೂರ್ತಿ ಭಯವಿಲ್ಲ. ಈ ಧಾಟಿಯ ಸಂದೇಶಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಇವುಗಳಲ್ಲಿ ಎಷ್ಟು ನಿಜ, ಎಷ್ಟು ವ್ಯಾಪಾರ ಎಂಬುದನ್ನು ನೋಡೋಣ.

ಸ್ಟೆಮ್ ಸೆಲ್ ಎಂದರೇನು?

ಕನ್ನಡದಲ್ಲಿ ಇದನ್ನು ಆಕರ ಕೋಶ, ಕಾಂಡಕೋಶ ಎನ್ನುತ್ತಾರೆ. ನಂಜನಗೂಡಿನ ರಸಬಾಳೆಯನ್ನು ನೆನಪಿಸಿಕೊಳ್ಳಿ. ಅದನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ. ಬುಡದ ಗೆಡ್ಡೆಯಿಂದ ಒಡೆದ ಕಂದನ್ನು ಕಿತ್ತು ನೆಟ್ಟರೆ ಅದೇ ಬೇರು, ಎಲೆ, ಗೊನೆ ಎಲ್ಲ ಬಿಡುತ್ತದೆ. ನಮ್ಮ ಮೂಳೆಯ ಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳೂ ಹೀಗೆಯೇ. ಅವು ತಮ್ಮಂಥದೇ ಇನ್ನಷ್ಟು ಕೋಶಗಳನ್ನು ಹುಟ್ಟಿಸುತ್ತವೆ, ಕೆಂಪು ಮತ್ತು ಬಿಳಿ ರಕ್ತಕಣಗಳಾಗಿಯೂ ಬದಲಾಗುತ್ತವೆ.

ಆದರೆ ಯಾವಾಗ ವಿಭಜನೆಯಾಗಬೇಕು, ಯಾವಾಗ ಸುಮ್ಮನಿರಬೇಕು ಎಂದು ಈ ಕೋಶಗಳಿಗೆ ಹೇಳುವವರು ಯಾರು? ಇಡೀ ಸಂಶೋಧನೆ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಒಂದೇ ಜೀನ್, 16 ವರ್ಷ

ಉತ್ತರ ಹುಡುಕಿದವರಲ್ಲಿ ಒಬ್ಬರು ಡಾ. ಮನೀಷಾ ಇನಾಮದಾರ್. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿ, ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರಯೋಗಾಲಯ ಕಟ್ಟಿದರು. ಮುಂದೆ ಸ್ಟೆಮ್ ಸೆಲ್ ಸಂಶೋಧನೆಗೆಂದೇ ಇರುವ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ನಿರ್ದೇಶಕಿಯಾದರು.

2003ರಲ್ಲಿ ಅವರ ತಂಡ ಒಂದು ಹೊಸ ಜೀನ್ ಬಗ್ಗೆ ವರದಿ ಮಾಡಿತು. ಅದಕ್ಕಿಟ್ಟ ಹೆಸರು 'ಅಸೃಜ್'. ಸಂಸ್ಕೃತದಲ್ಲಿ ಹಾಗೆಂದರೆ ರಕ್ತ. 2009ರಲ್ಲಿ, ಚಿಕಿತ್ಸೆಗೆ ಬಾರದೆ ಬಿಟ್ಟ ಭ್ರೂಣಗಳಿಂದ ಮಾನವ ಸ್ಟೆಮ್ ಸೆಲ್‌ನ ಎರಡು ತಳಿಗಳನ್ನು ಬೆಳೆಸಿದ್ದನ್ನು ಪ್ರಕಟಿಸಿದರು. 2011ರಲ್ಲಿ ಹಣ್ಣಿನ ನೊಣದಲ್ಲಿ, 2019ರಲ್ಲಿ ಇಲಿಯಲ್ಲಿ ಅಸೃಜ್‌ನ ಕೆಲಸವೇನೆಂದು ತೋರಿಸಿದರು. ಈ ಜೀನ್ ಇಲ್ಲದ ಇಲಿಗಳಲ್ಲಿ ರಕ್ತದ ಸ್ಟೆಮ್ ಸೆಲ್‌ಗಳು ಸುಮ್ಮನಿರುವುದನ್ನೇ ಮರೆತು ವಿಭಜನೆಯಾಗುತ್ತ ಹೋದವು.

ಇದರಿಂದ ನಮಗೆ ತಿಳಿಯುವುದೇನು? ಸ್ಟೆಮ್ ಸೆಲ್ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದು ತಪ್ಪು. ಲಗಾಮು ತಪ್ಪಿದರೆ ಅದೇ ರೋಗ. ಒಂದು ಜೀನ್ ಅರಿಯಲು 16 ವರ್ಷ ಹಿಡಿದಿರುವಾಗ, ಎಲ್ಲಕ್ಕೂ ಒಂದೇ ಇಂಜೆಕ್ಷನ್ ಎನ್ನುವವರನ್ನು ಅನುಮಾನದಿಂದಲೇ ನೋಡಬೇಕು.

ಹಾಗಾದರೆ ನಿಜವಾದ ಚಿಕಿತ್ಸೆ ಇಲ್ಲವೇ?

ಇದೆ. ಅದು ಅಸ್ಥಿಮಜ್ಜೆ ಕಸಿ. ಭಾರತದಲ್ಲಿ 1983ರಲ್ಲೇ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು. ಕೆಲವು ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾ, ಮೈಸೂರು ಮತ್ತು ಚಾಮರಾಜನಗರದ ಆದಿವಾಸಿ ಹಾಡಿಗಳಲ್ಲೂ ಕಂಡುಬರುವ ಸಿಕಲ್ ಸೆಲ್ ಅನೀಮಿಯಾ ಇಂಥ ಕಾಯಿಲೆಗಳಿಗೆ ಇದು ಒಪ್ಪಿತ ದಾರಿ.

ಹೊಸ ದಾರಿಗಳೂ ತೆರೆಯುತ್ತಿವೆ. ವೆಲ್ಲೂರಿನಲ್ಲಿ ರೋಗಿಯದೇ ಸ್ಟೆಮ್ ಸೆಲ್‌ಗೆ ಸರಿಯಾದ ಜೀನ್ ಸೇರಿಸಿ 5 ಹಿಮೋಫಿಲಿಯಾ ರೋಗಿಗಳಿಗೆ ಕೊಟ್ಟರು, ರಕ್ತಸ್ರಾವ ನಿಂತಿತು. 2024ರ ಡಿಸೆಂಬರ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಆದರೂ ಅದು ಇನ್ನೂ ಪ್ರಯೋಗವೇ.

ಮಂಡಿನೋವು, ಸಕ್ಕರೆ ಕಾಯಿಲೆಯಂಥವು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಒಪ್ಪಿತ ಪಟ್ಟಿಯಲ್ಲಿ ಇರಲಿಲ್ಲ. ಆಟಿಸಂಗೆ ಸ್ಟೆಮ್ ಸೆಲ್ ಬೇಡ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಹೊಕ್ಕುಳಬಳ್ಳಿ ರಕ್ತದ 'ವಿಮೆ'

ತನ್ನದೇ ಹೊಕ್ಕುಳಬಳ್ಳಿ ರಕ್ತ ಮಗುವಿಗೆ ಮುಂದೆ ಬೇಕಾಗುವ ಸಾಧ್ಯತೆ, ಹೆಚ್ಚೆಂದರೆ, ಸುಮಾರು 2,500ರಲ್ಲಿ ಒಬ್ಬರಿಗೆ. ಇನ್ನೊಂದು ಮಾತು. ರಸಬಾಳೆಗೆ ಪನಾಮ ಸೊರಗು ರೋಗ ಬಂದಾಗ ಅದೇ ಬುಡದ ಕಂದನ್ನು ಯಾರೂ ನೆಡುವುದಿಲ್ಲ, ರೋಗವೂ ಜೊತೆಗೇ ಬರುತ್ತದೆ. ಮಗುವಿಗೆ ಥಲಸ್ಸೇಮಿಯಾ ಇದ್ದರೆ ಅದರ ಹೊಕ್ಕುಳಬಳ್ಳಿ ರಕ್ತದಲ್ಲೂ ಅದೇ ದೋಷವಿರುತ್ತದೆ. ಬೇಕಾಗುವುದು ಹೊಂದಿಕೆಯಾಗುವ ಅಣ್ಣ, ತಮ್ಮ, ಅಕ್ಕ, ತಂಗಿ ಅಥವಾ ಬೇರೆ ದಾನಿಯ ಕೋಶ. ಮನೆಯಲ್ಲಿ ಆಗಲೇ ಇಂಥ ಕಾಯಿಲೆಯ ಮಗುವಿದ್ದು ವೈದ್ಯರು ಹೇಳಿದರೆ, ಹುಟ್ಟುವ ಮಗುವಿನ ರಕ್ತ ಕೂಡಿಡುವುದಕ್ಕೆ ಅರ್ಥವಿದೆ.

ದುಡ್ಡು ಕಟ್ಟುವ ಮುನ್ನ ಮೂರು ಪ್ರಶ್ನೆ

1. ಇದು ಒಪ್ಪಿತ ಚಿಕಿತ್ಸೆಯೋ, ಪ್ರಯೋಗವೋ?
2. ಪ್ರಯೋಗವಾದರೆ ಸರ್ಕಾರದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಎಲ್ಲಿ?
3. ಪ್ರಯೋಗಕ್ಕೆ ಒಳಗಾಗುವವರಿಂದ ದುಡ್ಡು ಪಡೆಯುವಂತಿಲ್ಲ, ಮತ್ತೆ ಇದು ಯಾತರ ಶುಲ್ಕ?

ನಂಜನಗೂಡಿನವರಿರಲಿ, ತಿ. ನರಸೀಪುರದವರಿರಲಿ, ಜಮೀನು ಅಡ ಇಟ್ಟು ದೂರದ ಕ್ಲಿನಿಕ್‌ಗೆ ಹೊರಡುವ ಮೊದಲು ಹತ್ತಿರದ ಮೈಸೂರಿನ ಸರ್ಕಾರಿ ದೊಡ್ಡಾಸ್ಪತ್ರೆಯ ವೈದ್ಯರನ್ನು ಒಮ್ಮೆ ಕೇಳಿ. ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಈ ಮೂರು ಪ್ರಶ್ನೆಗಳನ್ನು ಮಾಡಿ.