ಗಾಡಿ ಚಲೋ ಐತಿ, ಕಂಪನಿ ಎಲ್ಲೈತಿ?

ಫೋರ್ಡ್ ವಾಪಸ್ ಬರುತ್ತಂತೆ! 2025ರ ಅಕ್ಟೋಬರ್ ಕೊನೆಯಲ್ಲಿ ಈ ಸುದ್ದಿ ಬಂದಾಗಿಂದ ನಮ್ಮ ಕಾರುಪ್ರೇಮಿ ಗೆಳೆಯರಿಗೆ ಹಬ್ಬವೋ ಹಬ್ಬ. ಆದರೆ ಸುದ್ದಿಯನ್ನ ಕೊನೆವರೆಗೆ ಓದಿದವರು ಕಮ್ಮಿ. ಚೆನ್ನೈ ಹತ್ತಿರದ ಮರೈಮಲೈ ನಗರದ ಹಳೇ ಕಾರ್ಖಾನೆಯಲ್ಲಿ 3,250 ಕೋಟಿ ರೂಪಾಯಿ ಹಾಕಿ 2029ರಿಂದ ಎಂಜಿನ್ ಮಾಡ್ತಾರಂತೆ, ಅದೂ ರಫ್ತಿಗೆ. ನಿಮಗೆ, ನನಗೆ ಒಂದು ಕಾರು ಮಾರುವ ಮಾತು ಅದರಲ್ಲಿ ಎಲ್ಲೂ ಇಲ್ಲ.

ಇರಲಿ, ಖುಷಿಪಡೋರು ಪಡಲಿ. ನನ್ನ ತಕರಾರು ಆ ಖುಷಿಯ ಜೊತೆಗೇ ಬರುವ ಇನ್ನೊಂದು ರಾಗದ ಬಗ್ಗೆ. "ಅಂಥಾ ಕಾರುಗಳನ್ನ ಓಡಿಸಿಬಿಟ್ರಲ್ಲಪ್ಪಾ ನಮ್ಮ ಜನ! ಇವರಿಗೆ ಕಾರಿನ ಬೆಲೆ ಎಲ್ಲಿ ಗೊತ್ತು? ಮೈಲೇಜು, ರೀಸೇಲು ಎರಡೇ ಗೊತ್ತು. ತಗಡಿನ ಡಬ್ಬಿ ಕೊಂಡು ಅದಕ್ಕೇ ಪೂಜೆ ಮಾಡ್ತಾರೆ." 2017ರಲ್ಲಿ ಶೆವ್ರೊಲೆ ಮಾರಾಟ ನಿಂತಾಗ ಇದೇ ಹಾಡು, 2021ರಲ್ಲಿ ಫೋರ್ಡ್ ಬಾಗಿಲು ಹಾಕಿದಾಗ ಇದೇ ಹಾಡು, ಈಗಲೂ ಇದೇ ಹಾಡು. ಕೇಳಿ ಕೇಳಿ ಸಾಕಾಗಿದೆ ಸ್ವಾಮಿ.

ಮೊದಲೇ ಹೇಳಿಬಿಡ್ತೀನಿ, ನಾನೂ ಕಾರಿನ ಹುಚ್ಚಿನವನೇ. ಮೆಕ್ಯಾನಿಕಲ್ ಓದಿ, ಎಲ್ಲರ ಹಾಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೀತಾ ಕೂತವನು. ಹಳೇ ಫಿಗೋದ ಹೈಡ್ರಾಲಿಕ್ ಸ್ಟೀರಿಂಗ್ ಹಿಡಿದು ಒಮ್ಮೆ ಓಡಿಸಿದವರಿಗೆ ಅದರ ರುಚಿ ಗೊತ್ತು. ರಸ್ತೆ ಕೈಗೆ ಸಿಕ್ಕ ಹಾಗೆ ಇರುತ್ತೆ. 1999ರಲ್ಲಿ ಬಂದ ಐಕಾನ್‌ನ 1.6 ಎಂಜಿನ್ನಿಗೆ 90ಕ್ಕೂ ಹೆಚ್ಚು ಕುದುರೆಗಳ ಶಕ್ತಿ. ಅದನ್ನ "ಜೋಶ್ ಮಷಿನ್" ಅಂತ ಜಾಹೀರಾತು ಮಾಡಿದ್ದು ಸುಳ್ಳೇನಲ್ಲ. ಹಾಗಾಗಿ ಕಾರು ಕೆಟ್ಟದಿತ್ತು ಅನ್ನೋದು ನನ್ನ ವಾದ ಅಲ್ಲ. ನಮ್ಮ ಜನರ ಲೆಕ್ಕ ಸರಿ ಇತ್ತು ಅನ್ನೋದು ನನ್ನ ವಾದ.

ಯಾರು ಈ "ನಮ್ಮ ಜನ"? ನನ್ನ ಊರು ಸಂಶಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಕುಂದಗೋಳ ದಾಟಿದ ಮೇಲೆ ಸಿಗುವ ಊರು. ಎರಿ ಭೂಮಿ. ಹತ್ತಿ, ಮೆಣಸಿನಕಾಯಿ, ಹೆಸರು, ಜೋಳ. ಮಳೆ ಚಲೋ ಆಗಿ, ಮೆಣಸಿನಕಾಯಿಗೆ ರೇಟೂ ಚಲೋ ಸಿಕ್ಕ ಒಂದು ವರ್ಷ ಬಂದರೆ, ಅವತ್ತು ಮನೆಗೆ ಕಾರು ಬರುತ್ತೆ. ಬಹಳ ಮನೆಗಳಲ್ಲಿ ಅದು ಜೀವಮಾನದ ಮೊದಲನೇ ಕಾರು, ಕೊನೇದೂ ಅದೇ. ಶೋರೂಮಿಗೆ ಹೋಗೋ ಮೊದಲು ನಮ್ಮ ಕಡೆಯವರು ಕೇಳೋದು ಮೂರೇ ಪ್ರಶ್ನೆ:

1. ಹುಬ್ಬಳ್ಯಾಗ ಇದರ ಪಾರ್ಟ್ಸ್ ಸಿಗ್ತಾವನು?
2. ನಮ್ಮ ಮಿಸ್ತ್ರಿ ಇದನ್ನ ಬಿಚ್ಚಿ ಜೋಡಸ್ತಾನನು?
3. ನಾಳೆ ಮಾರಬೇಕಂದ್ರ ಯಾರ್ ತಗೋತಾರ, ಎಷ್ಟಕ್ಕ ತಗೋತಾರ?

ಇದನ್ನ ಕೇಳಿ ಬೆಂಗಳೂರಿನ ಕಾರುಪ್ರೇಮಿಗಳಿಗೆ ನಗು ಬರುತ್ತೆ. ಆದರೆ ನಾವು ಆಫೀಸಿನಲ್ಲಿ ಒಂದು ಸಾಫ್ಟ್‌ವೇರ್ ಕೊಳ್ಳುವಾಗ ಏನು ಕೇಳ್ತೀವಿ ಹೇಳಿ? ಸಪೋರ್ಟ್ ಎಷ್ಟು ವರ್ಷ? ನಮ್ಮ ಟೀಮಿಗೆ ಇದನ್ನ ಮೇಂಟೇನ್ ಮಾಡೋಕೆ ಬರುತ್ತಾ? ನಾಳೆ ಆ ಕಂಪನಿ ಮುಚ್ಚಿದರೆ ನಮ್ಮ ಗತಿ ಏನು? ಅದೇ ಮೂರು ಪ್ರಶ್ನೆ! ನಾವು ಕೇಳಿದರೆ ಅದು ರಿಸ್ಕ್ ಅನಾಲಿಸಿಸ್, ಸಂಶಿಯವರು ಕೇಳಿದರೆ ಜುಗ್ಗತನ. ಇದ್ಯಾವ ನ್ಯಾಯ?

ಈಗ ಈ ಅಮೆರಿಕನ್ ಕಂಪನಿಗಳು ಇಲ್ಲಿ ಏನು ಮಾಡಿದವು ನೋಡೋಣ.

ಮೊದಲು ಜನರಲ್ ಮೋಟಾರ್ಸ್. ಇವರು ನಮಗೆ ಹೊಸಬರೇನಲ್ಲ. 1928ರಲ್ಲೇ ಮುಂಬಯಿಯಲ್ಲಿ ಕಾರು ಜೋಡಿಸೋಕೆ ಶುರು ಮಾಡಿ, 1954ರಲ್ಲಿ ಗಂಟುಮೂಟೆ ಕಟ್ಟಿದವರು. ಎರಡನೇ ಸಲ 1990ರ ದಶಕದಲ್ಲಿ ಬಂದರು. ಗುಜರಾತಿನ ಹಾಲೋಲ್‌ನಲ್ಲಿ ಓಪೆಲ್ ಆಸ್ಟ್ರಾ ಮಾಡಿದರು. ಓಪೆಲ್ ಜರ್ಮನಿಯದು. ಅದು ಓಡಲಿಲ್ಲ ಅಂತ 2003ರಲ್ಲಿ ಶೆವ್ರೊಲೆ ಹೆಸರು ತಂದರು. ಅಲ್ಲಿಂದ ಮುಂದೆ ಆ ಬಂಗಾರದ ಬಣ್ಣದ ಬೋ-ಟೈ ಬ್ಯಾಡ್ಜ್ ಅಂಟಿಸಿಕೊಂಡು ಬಂದ ಕಾರುಗಳ ಜಾತಕ ಬಿಚ್ಚಿದರೆ ಮಜಾ ಇದೆ. ಫಾರೆಸ್ಟರ್? ಜಪಾನಿನ ಸುಬಾರು. ಟವೇರಾ? ಜಪಾನಿನ ಇಸುಜು. ಆಪ್ಟ್ರಾ, ಏವಿಯೋ, ಸ್ಪಾರ್ಕ್? ಮೂರೂ ಕೊರಿಯಾದ ಡೇವೂ. ಸ್ಪಾರ್ಕ್ ಅಂದರೆ ಡೇವೂ ಮುಚ್ಚೋ ಮೊದಲು ಇಲ್ಲೇ ಮಾರಿದ್ದ ಮಾಟಿಜ್. ಸೇಲ್ ಮತ್ತು ಎಂಜಾಯ್? ಚೀನಾದ ಪಾಲುದಾರರ ಜೊತೆ ಮಾಡಿದ ಗಾಡಿಗಳು. ಹಾಗಾದರೆ "ಅಮೆರಿಕನ್ ಕಾರಿನ ದಮ್ಮು" ಅಂತ ನೀವು ಹೊಗಳ್ತಿರೋದು ಯಾವುದನ್ನ? ಬ್ಯಾಡ್ಜನ್ನಾ? :-)

ಬೇರೆ ದೇಶದಲ್ಲಿ ಮಾಡಿದ ಕಾರು ತಂದದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಟೊಯೋಟಾದವರೂ ಅದನ್ನೇ ಮಾಡಿದರು. 2000ದ ಜನವರಿಯಲ್ಲಿ ನಮ್ಮ ಬಿಡದಿಯಿಂದ ಹೊರಬಂದ ಕ್ವಾಲಿಸ್ ಕೂಡ ಇಂಡೋನೇಷ್ಯಾದಲ್ಲಿ ಓಡಾಡಿ ಹಳೆಯದಾದ ಕಿಜಾಂಗ್ ಗಾಡಿಯೇ. ನೋಡೋಕೆ ಡಬ್ಬಿ. ಪತ್ರಕರ್ತರು ನಕ್ಕರು. ಆದರೆ ಮದುವೆಗೆ, ಧರ್ಮಸ್ಥಳಕ್ಕೆ, ಯಲ್ಲಮ್ಮನ ಗುಡ್ಡಕ್ಕೆ ಇಡೀ ಮನೆಮಂದಿಯನ್ನ ತುಂಬಿಕೊಂಡು ಹೋಗಿ ಬರೋ ಗಾಡಿ ಬೇಕಿತ್ತು, ಎಂಜಿನ್ ಕೈಕೊಡಬಾರದಿತ್ತು. ಟೊಯೋಟಾ ಅದನ್ನ ಕೊಟ್ಟಿತು. 2005ರಲ್ಲಿ ಮಾರಾಟ ಚೆನ್ನಾಗಿ ನಡೀತಿರುವಾಗಲೇ ಕ್ವಾಲಿಸ್ ನಿಲ್ಲಿಸಿ ಅದಕ್ಕಿಂತ ಮೇಲಿನ ಇನ್ನೋವಾ ತಂದಿತು. ಕ್ವಾಲಿಸ್ ಇಟ್ಟುಕೊಂಡವರು ಅನಾಥರಾಗಲಿಲ್ಲ. ಬಿಡದಿಯಲ್ಲಿ 2007ರಿಂದ ಒಂದು ತರಬೇತಿ ಶಾಲೆ ನಡೆಸಿ, ಹತ್ತನೇ ಕ್ಲಾಸು ಮುಗಿಸಿದ ಹಳ್ಳಿ ಹುಡುಗರಿಗೆ ಕೆಲಸ ಕಲಿಸ್ತಿದ್ದಾರೆ. ಹಾಗಂತ ಟೊಯೋಟಾದವರೇನು ದೇವರಲ್ಲ. ಅದೇ ಬಿಡದಿಯಲ್ಲಿ 2006, 2014, 2020ರಲ್ಲಿ ಕಾರ್ಮಿಕರ ಜೊತೆ ಜಗಳವಾಗಿ ಲಾಕೌಟ್ ಆದದ್ದನ್ನ ನಾವು ಕನ್ನಡಿಗರು ಮರೆತಿಲ್ಲ. ಆದರೆ ಕಾರು ಕೊಂಡವನಿಗೆ ಕೊಟ್ಟ ಮಾತನ್ನ ಅವರು ತಪ್ಪಲಿಲ್ಲ.

ಇನ್ನೊಂದು ಉದಾಹರಣೆ ಕೊಡ್ತೀನಿ. ಇದು ನನ್ನ ಮೆಚ್ಚಿನದು. ಶೆವ್ರೊಲೆ ಸೇಲ್ ಡೀಸೆಲ್‌ನಲ್ಲಿದ್ದದ್ದು ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಕುಟುಂಬದ ಎಂಜಿನ್. ಮಾರುತಿ ಸ್ವಿಫ್ಟ್ ಡೀಸೆಲ್‌ನಲ್ಲಿದ್ದದ್ದೂ ಅದೇ ಕುಟುಂಬದ್ದು. ಸ್ವಿಫ್ಟ್‌ಗೆ ಜನ ತಿಂಗಳುಗಟ್ಟಲೆ ಕಾದು ಕೂತರು, ಸೇಲ್ ಶೋರೂಮಿನಲ್ಲೇ ಕೂತಿತು. ಎಂಜಿನ್ ಒಂದೇ ಆದಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ಮಾರುತಿಯ ಪಾರ್ಟು ತಾಲೂಕಿನ ಅಂಗಡಿಯಲ್ಲೂ ಸಿಗುತ್ತೆ, ಬಿಚ್ಚೋಕೆ ಬರೋ ಮಿಸ್ತ್ರಿ ಊರೂರಲ್ಲಿದ್ದಾನೆ. ಜನ ಎಂಜಿನ್ ನೋಡಿ ಬೇಡ ಅನ್ನಲಿಲ್ಲ, ಎಂಜಿನ್ನಿನ ಹಿಂದೆ ಯಾರು ನಿಂತಿದ್ದಾರೆ ಅಂತ ನೋಡಿದರು. ಆ ಎಂಜಿನ್ ಮಾಡಿದ ಫಿಯೆಟ್‌ನ ಕಾರುಗಳೇ ಇಲ್ಲಿ ಸೋತದ್ದೂ ಇದೇ ಕಾರಣಕ್ಕೆ.

"ಆದ್ರೂ ಗುರೂ, ಅಮೆರಿಕನ್ ಕಾರು ಅಂದ್ರೆ ಕಬ್ಬಿಣ, ಸೇಫ್ಟಿ..." ಅಂತೀರಾ? 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ನಮ್ಮ ಕಾರುಗಳನ್ನ ಗುದ್ದಿಸಿ ನೋಡಿದರಲ್ಲ, ಆಲ್ಟೋ, ನ್ಯಾನೋ, ಐ10, ಪೋಲೋ ಜೊತೆಗೆ ಫಿಗೋಗೂ ಸಿಕ್ಕದ್ದು ಸೊನ್ನೆ ಸ್ಟಾರು. ಫಿಗೋ, ಪೋಲೋಗಳ ಬಾಡಿ ಗಟ್ಟಿ ಇತ್ತು, ನಿಜ. ಆದರೆ ಪರೀಕ್ಷೆ ಮಾಡಿದ ಆ ಕೆಳಗಿನ ಮಾಡೆಲ್‌ನಲ್ಲಿ ಏರ್‌ಬ್ಯಾಗೇ ಇರಲಿಲ್ಲ. ಗಟ್ಟಿ ಬಾಡಿ ಮಾಡೋಕೆ ಬರುತ್ತೆ, ಏರ್‌ಬ್ಯಾಗ್ ಹಾಕೋಕೂ ಬರುತ್ತೆ, ಇಂಡಿಯಾದವನಿಗೆ ಮಾತ್ರ ಯಾಕೆ ಅನ್ನೋ ಲೆಕ್ಕ. 2017ರಲ್ಲಿ ಶೆವ್ರೊಲೆ ಎಂಜಾಯ್‌ಗೂ ಸೊನ್ನೆ. ಈ ವಿಷಯದಲ್ಲಿ ಜಪಾನ್, ಕೊರಿಯಾ, ಅಮೆರಿಕ, ಟಾಟಾ ಎಲ್ಲಾ ಒಂದೇ ಗಾಣದ ಎತ್ತುಗಳು. ತಗಡಿನ ಡಬ್ಬಿ ಅಂತ ಬರೀ ಮಾರುತಿಯನ್ನ ಬೈಯೋದು ಬಿಡಿ.

ಇನ್ನು ಟವೇರಾ. ನಮ್ಮ ಕಡೆ ಟ್ರ್ಯಾಕ್ಸ್, ಕ್ರೂಸರ್‌ಗಳ ನಡುವೆ ಸ್ವಲ್ಪ ಗತ್ತಿನಿಂದ ಓಡಾಡಿದ ಗಾಡಿ. ದುಡಿದು ತಿನ್ನೋ ಡ್ರೈವರುಗಳು ಸಾಲ ಮಾಡಿ ಕೊಂಡ ಗಾಡಿ. 2013ರ ಜುಲೈನಲ್ಲಿ ಕಂಪನಿಯೇ 1,14,000 ಟವೇರಾಗಳನ್ನ ವಾಪಸ್ ಕರೀಬೇಕಾಯ್ತು. ಕಾರಣ ಎಂಜಿನ್ ಕೆಟ್ಟದ್ದಲ್ಲ. ಹೊಗೆ ಪರೀಕ್ಷೆಗೆ ಬೇರೆ ಎಂಜಿನ್ನು ತೋರಿಸಿ ಪಾಸು ಮಾಡಿಸಿಕೊಂಡದ್ದು ಕಂಪನಿಯ ಒಳಗಿನವರೇ! ಫೋಕ್ಸ್‌ವ್ಯಾಗನ್‌ನ ಡೀಸೆಲ್ ಹಗರಣ ಹೊರಬಂದದ್ದು 2015ರಲ್ಲಿ. ಅದಕ್ಕೂ ಎರಡು ವರ್ಷ ಮುಂಚೆ ನಮ್ಮಲ್ಲೇ ನಡೆದದ್ದು ಯಾರಿಗೂ ನೆನಪಿಲ್ಲ. ಯಾಕೆಂದರೆ ಮೋಸ ಹೋದವರು ಟ್ಯಾಕ್ಸಿ ಡ್ರೈವರುಗಳು.

ಫೋರ್ಡ್ ಕಥೆ ಇಷ್ಟು ಕೆಟ್ಟದ್ದಲ್ಲ, ಅದಕ್ಕೇ ಜಾಸ್ತಿ ಬೇಜಾರು. 1995ರಲ್ಲಿ ಮಹೀಂದ್ರಾ ಜೊತೆ ಬಂದು, ಯುರೋಪಿನಲ್ಲಿ ಹಳೆಯದಾದ ಎಸ್ಕಾರ್ಟನ್ನ ನಮಗೆ ಮಾರಿದರು. ಅದು ಸೋತಿತು, ಸೋಲಲೇಬೇಕಿತ್ತು. 2010ರಲ್ಲಿ ಫಿಗೋ ತರುವಾಗ ಬುದ್ಧಿ ಬಂದಿತ್ತು. ಸಣ್ಣದೊಂದು ಭಾಗ ಮುರಿದರೆ ಇಡೀ ಜೋಡಣೆಯನ್ನೇ ಬದಲಿಸೋ ಬದಲು ಆ ಭಾಗವನ್ನಷ್ಟೇ ಬಿಡಿಯಾಗಿ ಕೊಡೋ ವ್ಯವಸ್ಥೆ ಮಾಡಿದರು. ಅಂದರೆ ಸಂಶಿಯವನ ಮೊದಲನೇ ಪ್ರಶ್ನೆಗೆ ಉತ್ತರ ಕೊಟ್ಟರು. ಜನ ಏನು ಮಾಡಿದರು? ಕೊಂಡರು! 2013ರಲ್ಲಿ ಎಕೋಸ್ಪೋರ್ಟ್ ಬಂತು. ನಾಲ್ಕು ಮೀಟರಿನೊಳಗಿನ ಕಾರಿಗೆ 2006ರಿಂದ ತೆರಿಗೆ ಕಡಿಮೆ ಇತ್ತು. ಆ ಅಳತೆಗೆ ಸರಿಯಾಗಿ ಹೊಲಿದ ಕಾರು, ಬೆಲೆ 5.59 ಲಕ್ಷದಿಂದ ಶುರು. ಜನ ಮುಗಿಬಿದ್ದರು. ಇವತ್ತು ರಸ್ತೆ ತುಂಬಾ ಇರೋ ಪುಟ್ಟ ಎಸ್‌ಯುವಿಗಳಿಗೆ ದಾರಿ ಮಾಡಿಕೊಟ್ಟದ್ದೇ ಅದು. ಅಮೆರಿಕನ್ ಹೆಸರನ್ನ ಕಂಡರೆ ನಮ್ಮ ಜನಕ್ಕೆ ಆಗಲ್ಲ ಅನ್ನೋದು ಸುಳ್ಳು ಅಂತ ಹೇಳೋಕೆ ಇವೆರಡೇ ಸಾಕು.

ಆಮೇಲೆ? ಆಮೇಲೆ ಕೈಕಟ್ಟಿ ಕೂತರು. 2015ರಲ್ಲಿ ಕ್ರೆಟಾ, 2016ರಲ್ಲಿ ಬ್ರೆಝಾ ಬಂದವು, ಹೊಸ ಹೊಸ ಗಾಡಿ ಬರ್ತಾನೇ ಇದ್ದವು. ಎಕೋಸ್ಪೋರ್ಟ್ 2017ರಲ್ಲಿ ಸ್ವಲ್ಪ ಮುಖ ತೊಳೆದುಕೊಂಡು ಕೊನೆತನಕ ಅದೇ ಗಾಡಿಯಾಗಿ ಉಳೀತು. ಮತ್ತೆ ಮಹೀಂದ್ರಾ ಜೊತೆ 2019ರಲ್ಲಿ ಒಪ್ಪಂದ, 2020ರ ಡಿಸೆಂಬರ್ 31ಕ್ಕೆ ಅದು ರದ್ದು. 2021ರ ಸೆಪ್ಟೆಂಬರ್ 9ಕ್ಕೆ "ಹತ್ತು ವರ್ಷದಲ್ಲಿ 200 ಕೋಟಿ ಡಾಲರಿಗಿಂತ ಹೆಚ್ಚು ನಷ್ಟ, ಇನ್ನು ಆಗಲ್ಲ" ಅಂತ ಘೋಷಣೆ. ಸುಮಾರು 4,000 ನೌಕರರ ಕೆಲಸಕ್ಕೆ ಕುತ್ತು. ಕಾರಿನ ಕಂತು ಕಟ್ಟುತ್ತಿದ್ದವನು ಕಂತು ಕಟ್ಟುತ್ತಲೇ ಇದ್ದ, ಕಾರಿನ ಬೆಲೆ ಮಾತ್ರ ಇಳೀತು. ಸಂಶಿಯವನ ಮೂರನೇ ಪ್ರಶ್ನೆಗೆ ಉತ್ತರ ಅವತ್ತು ಸಿಕ್ಕಿತು ನೋಡಿ.

ಮಾರುಕಟ್ಟೆಯೇ ಸರಿ ಇಲ್ಲ ಅನ್ನೋರು ಆ ಖಾಲಿಯಾದ ಕಾರ್ಖಾನೆಗಳಲ್ಲಿ ಏನಾಯ್ತು ನೋಡಲಿ. ಹಾಲೋಲ್‌ನದು ಎಂಜಿ ಪಾಲಾಯ್ತು. ಫೋರ್ಡ್‌ನ ಸಾನಂದ್ ಘಟಕವನ್ನ ಟಾಟಾದವರು 725.7 ಕೋಟಿಗೆ ಕೊಂಡರು. ಜಿಎಂನ ತಳೇಗಾಂವ್ ಘಟಕವನ್ನ ಹ್ಯುಂಡೈ ಕೊಂಡು 2025ರಲ್ಲಿ ಉತ್ಪಾದನೆ ಶುರು ಮಾಡಿತು. ಈ ಹ್ಯುಂಡೈ ಇಲ್ಲಿ ಕಂಪನಿ ಕಟ್ಟಿದ್ದು 1996ರಲ್ಲಿ, ಜಿಎಂ, ಫೋರ್ಡ್ ಇಬ್ಬರಿಗಿಂತ ಆಮೇಲೆ. ಆಗ ಅದರ ಹೆಸರು ಹೇಳೋಕೂ ನಮ್ಮವರಿಗೆ ಬರ್ತಿರಲಿಲ್ಲ. 1998ರಲ್ಲಿ ಸ್ಯಾಂಟ್ರೋದಿಂದ ಶುರು ಮಾಡಿ, 2024ರಲ್ಲಿ 27,870 ಕೋಟಿಯ ಐಪಿಓ ತರೋ ಮಟ್ಟಕ್ಕೆ ಬೆಳೆದದ್ದು ಇದೇ "ಕಾರಿನ ಬೆಲೆ ಗೊತ್ತಿಲ್ಲದ" ಜನರಿಂದ.

ಇದು ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ. 1970ರ ದಶಕದಲ್ಲಿ ಪೆಟ್ರೋಲ್ ದುಬಾರಿಯಾದಾಗ ಅಮೆರಿಕದ ಜನವೇ ಹೋಂಡಾ, ಟೊಯೋಟಾ ಕಡೆ ತಿರುಗಿದರು. 1984ರಲ್ಲಿ ಜಿಎಂ ತನ್ನ ಮುಚ್ಚಿದ ಫ್ರೀಮಾಂಟ್ ಕಾರ್ಖಾನೆಯನ್ನ ಟೊಯೋಟಾ ಜೊತೆ ಸೇರಿ ನಡೆಸಿತು. ಕೆಲಸಗಾರರು ಬಹುತೇಕ ಹಳಬರೇ. ಕೆಲಸದ ರೀತಿ ಬದಲಾದಾಗ ಕಾರಿನ ಗುಣಮಟ್ಟ ಏರಿತು. ಆ ಪಾಠವನ್ನ ತನ್ನ ಉಳಿದ ಕಾರ್ಖಾನೆಗಳಿಗೆ ಒಯ್ಯೋಕೆ ಜಿಎಂಗೆ ವರ್ಷಗಟ್ಟಲೆ ಆಗಲಿಲ್ಲ. ಅಲ್ಲಿಯ ಗಿರಾಕಿಯನ್ನೂ "ಕಾರಿನ ಬೆಲೆ ಗೊತ್ತಿಲ್ಲದವ" ಅಂತೀರಾ?

ನನಗೆ ಚುಚ್ಚೋದು ಇನ್ನೊಂದಿದೆ. ಜಿಎಂನ ಟೆಕ್ನಿಕಲ್ ಸೆಂಟರ್ 2003ರಿಂದ ನಮ್ಮ ಬೆಂಗಳೂರಿನಲ್ಲೇ ಇದೆ. ಕಾರು ಮಾರೋದು ನಿಲ್ಲಿಸಿದಾಗಲೂ ಅದನ್ನ ಉಳಿಸಿಕೊಂಡರು. ಅಂದರೆ ನಮ್ಮ ಹುಡುಗರ ತಲೆ ಬೇಕು, ನಮ್ಮ ರಸ್ತೆ ಬೇಡ. ಫೋರ್ಡ್ ಈಗ ಮಾಡೋಕೆ ಹೊರಟಿರೋದೂ ಅದನ್ನೇ, ಕೈ ನಮ್ಮದು, ಕಾರು ಬೇರೆಯವರಿಗೆ. ಕೆಲಸ ಸಿಗುತ್ತೆ, ಒಳ್ಳೇದೇ. ಆದರೆ ಅದಕ್ಕೆ "ಫೋರ್ಡ್ ವಾಪಸ್ ಬಂತು" ಅಂತ ಪಟಾಕಿ ಹೊಡೀಬೇಡಿ. ಟೆಸ್ಲಾದವರೂ 2021ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಂಪನಿ ನೋಂದಾಯಿಸಿದರು, ನಾವೆಲ್ಲ ಕುಣಿದೆವು. 2025ರ ಜುಲೈನಲ್ಲಿ ಅವರ ಮೊದಲ ಶೋರೂಮ್ ತೆರೆದದ್ದು ಮುಂಬಯಿಯಲ್ಲಿ, ಆಮದು ಮಾಡಿದ ಕಾರಿನ ಬೆಲೆ ಹತ್ತಿರ ಹತ್ತಿರ 60 ಲಕ್ಷ.

ನಾಳೆ ಯಾವ ದೇಶದ ಯಾವ ಕಂಪನಿಯಾದರೂ ಬರಲಿ, ಒಳ್ಳೇ ಸ್ಟೀರಿಂಗ್, ಒಳ್ಳೇ ಎಂಜಿನ್ ತರಲಿ, ನಾನೇ ಮೊದಲು ಟೆಸ್ಟ್ ಡ್ರೈವ್‌ಗೆ ಹೋಗ್ತೀನಿ. ಆದರೆ ಕೊಳ್ಳೋ ಮೊದಲು ನಮ್ಮೂರಿನ ಆ ಮೂರು ಪ್ರಶ್ನೆ ಕೇಳ್ತೀನಿ. ಉತ್ತರ ಕೊಡೋಕಾಗದ ಕಂಪನಿ ಹೋದರೆ ಅಳೋದಿಲ್ಲ. ಮತ್ತೆ ಯಾರಾದರೂ "ನಮ್ಮ ಜನಕ್ಕೆ ಕಾರು ಗೊತ್ತಿಲ್ಲ" ಅಂದರೆ, ಎರಿ ಹೊಲದ ಮೆಣಸಿನಕಾಯಿ ದುಡ್ಡಿನಲ್ಲಿ ಕಾರು ಕೊಂಡವರ ಎದುರು ನಿಂತು ಆ ಮಾತು ಹೇಳಿ ನೋಡೋಣ.

ನೀವೇನಂತೀರಿ? ಫೋರ್ಡ್ ಅಭಿಮಾನಿಗಳು ಬೈಯೋದಿದ್ದರೆ ಧಾರಾಳವಾಗಿ ಬೈಯಿರಿ. ಆದರೆ ಮೊದಲು ಹೇಳಿ, ನಿಮ್ಮ ಗಾಡಿಯ ಪಾರ್ಟ್ಸ್ ಈಗ ಎಲ್ಲಿ ತರಿಸ್ತೀರಿ?